ಕಾಂಚಳಿಯ ಮೇಲೆ ಕಾಸು, ಕಾಸಿನ ಮೇಲೆ ದೇಶ

ಅದೇ ಕನ್ನಡಿ, ಅದೇ ಕವಡೆ, ಅದೇ ಕೆಂಪು ಬಟ್ಟೆ. ಬ್ರಿಟಿಷರ ಕಣ್ಣಿಗೆ ಅನುಮಾನದ ಗುರುತು, ಗಣರಾಜ್ಯಕ್ಕೆ ಕುಣಿತದ ವೇಷ, ಜಿ20 ಹೊತ್ತಿಗೆ ದೇಶದ ಹೆಮ್ಮೆ! ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಲಂಬಾಣಿ ತಾಂಡಾಗಳ ಕಸೂತಿ ವೇದಿಕೆ ಹತ್ತಿತು. ಅದನ್ನು ಉಟ್ಟವಳು ಎಲ್ಲಿದ್ದಾಳೆ?

ಆಗಸ್ಟ್ 15ರ ಬೆಳಿಗ್ಗೆ. ಹಗರಿಬೊಮ್ಮನಹಳ್ಳಿಯದಾಗಲಿ, ಹರಪನಹಳ್ಳಿಯದಾಗಲಿ, ತಾಲ್ಲೂಕು ಕ್ರೀಡಾಂಗಣದ ಬೇಲಿಗೆ ಒರಗಿ ನಿಲ್ಲಿ. ಧ್ವಜ ಏರಿತು, ಭಾಷಣ ಮುಗಿಯಿತು, ಪಥಸಂಚಲನವೂ ಆಯಿತು. ಮೈಕಿನವನು ಹೈಸ್ಕೂಲಿನ ಹೆಸರು ಹೇಳಿ, ಉಸಿರು ಎಳೆದುಕೊಂಡು ಕೂಗುತ್ತಾನೆ: ಲಂಬಾಣಿ ನೃತ್ಯ!

ಕೆಂಪು ಲಂಗದ ಹುಡುಗಿಯರು ಸಾಲಾಗಿ ಓಡಿ ಬರುತ್ತಾರೆ. ಬಿಸಿಲಿಗೆ ನೂರಾರು ಕನ್ನಡಿ ಒಮ್ಮೆಲೇ ಮಿಂಚುತ್ತವೆ. ಮೊಬೈಲುಗಳು ಮೇಲೇಳುತ್ತವೆ, ಅಧಿಕಾರಿಗಳು ಕುರ್ಚಿಯಲ್ಲೇ ಮುಂದೆ ಬಾಗುತ್ತಾರೆ.

ಹತ್ತಿರ ಹೋಗಿ ನೋಡಿದರೆ ಕನ್ನಡಿಗಳೆಲ್ಲ ಪ್ಲಾಸ್ಟಿಕ್ ಬಿಲ್ಲೆ. ದಾರದಿಂದ ಬಿಗಿದದ್ದಲ್ಲ, ಅಂಟು ಹಚ್ಚಿ ಕೂರಿಸಿದ್ದು. ಹೂಬಳ್ಳಿಯೆಲ್ಲ ಯಂತ್ರದ ಹೊಲಿಗೆ. ಉಡುಪು ಡ್ರೆಸ್ ಅಂಗಡಿಯಿಂದ ದಿನದ ಬಾಡಿಗೆಗೆ ಬಂದಿದೆ. ಕುಣಿಯುವವರಲ್ಲಿ ತಾಂಡಾದ ಹುಡುಗಿಯರೂ ಇರುತ್ತಾರೆ. ಅವರ ಮೈಮೇಲೂ ಬಾಡಿಗೆಯದೇ.

ಅವರ ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಸಲಿ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಇದ್ದರೂ ಇರಬಹುದು. ಆದರೆ ಅದು ವಿಪರೀತ ಭಾರ. ಕವಡೆ, ಸೀಸದ ಮಣಿ, ಗಾಜು, ಲೋಹದ ಬಿಲ್ಲೆ, ಇವೆಲ್ಲದರ ಜೊತೆಗೆ ನಾಣ್ಯಗಳು. ಮೈದಾನದಲ್ಲಿ ಕುಣಿಯುವವರಿಗೆ ಹಗುರಾದ್ದೇ ಬೇಕು.

ಆ ನಾಣ್ಯಗಳ ಹತ್ತಿರ ಸ್ವಲ್ಪ ನಿಲ್ಲೋಣ. ಈ ಸೀಮೆಯ ಇತಿಹಾಸವನ್ನು ಅವು ಬಹಳ ಪುಸ್ತಕಗಳಿಗಿಂತ ಚೆನ್ನಾಗಿ ಹೇಳುತ್ತವೆ.

ರಾಣಿ ಹೋಗಿ ಸಿಂಹ ಬಂತು

ಲಂಬಾಣಿ ಹೆಂಗಸರು ಬಳಕೆಯ ನಾಣ್ಯಕ್ಕೆ ತೂತು ಕೊರೆದು ಎದೆಗೂ ಸೆರಗಿಗೂ ಹೊಲಿದುಕೊಂಡರು, ಕೊಕ್ಕೆ ಹಚ್ಚಿ ಕೊರಳಿಗೆ ಕಟ್ಟಿಕೊಂಡರು. ಹಳೆಯ ಕೊರಳ ಸರಗಳಲ್ಲಿ ವಿಕ್ಟೋರಿಯಾ ರಾಣಿ ಇದ್ದಾಳೆ, ಜಾರ್ಜ್ ದೊರೆ ಇದ್ದಾನೆ. ಇದು ರಾಜಭಕ್ತಿಯೇನಲ್ಲ. 1940ರವರೆಗೆ ಬ್ರಿಟಿಷ್ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. ಊರೂರು ತಿರುಗುವವಳಿಗೆ ಕೊರಳೇ ಬ್ಯಾಂಕು. ಬರ ಬಂದರೆ ಒಂದು ರೂಪಾಯಿ ಬಿಚ್ಚಿದರಾಯಿತು.

ಯುದ್ಧದ ಕಾಲಕ್ಕೆ ಬೆಳ್ಳಿ ಅರ್ಧಕ್ಕಿಳಿಯಿತು, ಆಮೇಲೆ ನಿಕ್ಕಲ್ ಬಂತು. 1950ರಲ್ಲಿ ದೊರೆಯ ತಲೆ ಹೋಗಿ ಅಶೋಕನ ಸಿಂಹ ಕೂತಿತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂತು. ಕಾಂಚಳಿ ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿತು. ಒಂದೇ ಬಟ್ಟೆಯ ಮೇಲೆ ದೊರೆಯೂ ಸಿಂಹವೂ ಅಕ್ಕಪಕ್ಕ. ದೆಹಲಿಯಲ್ಲಿ ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಕೂರಿಸಲು ಮಧ್ಯರಾತ್ರಿಯ ಸಮಾರಂಭವೇ ಬೇಕಾಯಿತು, ತಾಂಡಾದಲ್ಲಿ ಸೂಜಿ ದಾರ ಸಾಕಾಯಿತು.

2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. ಅಂಗಡಿಯಲ್ಲಿ ಸತ್ತ ಪಾವಲಿ ಸೆರಗಿನಂಚಿನಲ್ಲಿ ಇಂದಿಗೂ ಝಣಗುಡುತ್ತಿದೆ.

ಇದರ ತಿರುವುಮುರುವು ನಡೆದದ್ದು 2017ರ ಆಗಸ್ಟ್‌ನಲ್ಲಿ. ನೀಲಿ ಬಣ್ಣದ ಹೊಸ 50 ರೂಪಾಯಿ ನೋಟು ಬಂತು, ಅದರ ಬೆನ್ನಿಗೆ ಹಂಪಿಯ ಕಲ್ಲಿನ ರಥ. ದೇಶದ ಹಣವನ್ನು ಇಲ್ಲಿನ ಹೆಂಗಸು ಒಡವೆ ಮಾಡಿಕೊಂಡಿದ್ದಳು. ಇಲ್ಲಿನ ಕಲ್ಲನ್ನು ದೇಶ ತನ್ನ ಹಣದ ಒಡವೆ ಮಾಡಿಕೊಂಡಿತು.

ಎತ್ತಿನ ಹೇರಿನಿಂದ ಪೊಲೀಸ್ ಪಟ್ಟಿಗೆ

ಲಂಬಾಣಿಗಳು (ಬಂಜಾರ, ಲಂಬಾಡಿ, ಸುಗಾಲಿ ಎಂದೂ ಹೆಸರು), ಅಂದರೆ ತಮ್ಮನ್ನು ತಾವು ಗೋರ್ ಎಂದು ಕರೆದುಕೊಳ್ಳುವ ಜನ, ದಖ್ಖನಿಗೆ ಇಳಿದದ್ದು ಧಾನ್ಯ, ಉಪ್ಪು ಹೇರಿದ ಸಾವಿರಾರು ಎತ್ತುಗಳೊಂದಿಗೆ. ಮೊಘಲ್ ಸೇನೆಗೂ ಅವರದೇ ಕಾಳು, ಮರಾಠರಿಗೂ ಅವರದೇ. 1799ರಲ್ಲಿ ಶ್ರೀರಂಗಪಟ್ಟಣ ಮುತ್ತಿದ ಇಂಗ್ಲಿಷರ ದಂಡಿನ ಹಿಂದೆಯೂ ಬಂಜಾರರ ಎತ್ತುಗಳಿದ್ದವು. ಮರುವರ್ಷ, 1800ರಲ್ಲಿ, ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮದ್ರಾಸಿನ ಪಾಲಾದವು.

ಆ ಬದುಕಿಗೆ ತಕ್ಕ ಕಸೂತಿ ಅದು. ಹೊತ್ತು ಸಾಗಿಸಬಹುದಾದದ್ದನ್ನು ಮಾತ್ರ ಸಿಂಗರಿಸಬೇಕು. ಗೋಡೆ ಇಲ್ಲದವರಿಗೆ ಚಿತ್ತಾರ ಬರೆಯಲು ಉಳಿದದ್ದು ಮೈಮೇಲಿನ ಬಟ್ಟೆ ಮತ್ತು ಎತ್ತಿನ ಮೇಲಿನ ಚೀಲ. ಹರಿದ ತುಂಡಿಗೆ ತುಂಡು ಕೂಡಿಸಿ, ಪದರದ ಮೇಲೆ ಪದರ ಇಟ್ಟು ಕುಟ್ಟಿ ಹೊಲಿದರೆ ಬಟ್ಟೆ ಮುಳ್ಳುಕಂಟಿಗೂ ಜಗ್ಗುವುದಿಲ್ಲ. ಕನ್ನಡಿಯ ಹೊಳಪಿಗೆ ಕಾಡುಮೃಗ ಬೆದರುತ್ತದೆ ಎಂಬ ನಂಬಿಕೆ ಈಗಲೂ ತಾಂಡಾಗಳಲ್ಲಿದೆ. ಕವಡೆಯಂತೂ ಒಂದು ಕಾಲದ ದುಡ್ಡೇ.

ರಸ್ತೆ ಬಂತು, ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 20ನೇ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಹಳಿ ಬೀಳುವ ಹೊತ್ತಿಗೆ ಎತ್ತಿನ ಹೇರಿನ ಕಾಲ ಮುಗಿದೇ ಹೋಗಿತ್ತು. ಕೆಲಸ ಕಳೆದುಕೊಂಡು ಅಲೆಯುವವರನ್ನು ಸರ್ಕಾರ ಅನುಮಾನದಿಂದ ನೋಡತೊಡಗಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರ ತಿದ್ದುಪಡಿಯಾದ ಮೇಲೆ ಮದ್ರಾಸ್ ಪ್ರಾಂತಕ್ಕೂ ಕಾಲಿಟ್ಟಿತು. ದೇಶದ ಹಲವೆಡೆ ಬಂಜಾರರು ಅದರ ಪಟ್ಟಿಗೆ ಬಿದ್ದರು. ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹೊತ್ತ ಜನಕ್ಕೆ ಅರ್ಧ ಮೈಲಿಯಿಂದಲೇ ಕಾಣುವ ಉಡುಪು ಎಂಥ ಶಿಕ್ಷೆಯಾಗಿರಬೇಕು!

ಅದೇ ಕಾಲದಲ್ಲಿ ಇನ್ನೊಂದು ಇಲಾಖೆ ಅದೇ ಉಡುಪನ್ನು ಕುತೂಹಲದಿಂದ ಬರೆದಿಡುತ್ತಿತ್ತು. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಲಂಬಾಡಿಗಳಿಗೂ ಅಧ್ಯಾಯವಿದೆ. ಒಂದು ಕೈ ಪೊಲೀಸ್ ಹಾಜರಿ ಬರೆದುಕೊಂಡಿತು, ಇನ್ನೊಂದು ಒಡವೆಯ ಪಟ್ಟಿ ಮಾಡಿತು. ಹೊಲಿದವಳ ಹೆಸರು ಎರಡರಲ್ಲೂ ಇಲ್ಲ.

■ ಬಾಕ್ಸ್: ಹೆಸರಿರುವ ಹೊಲಿಗೆಗಳು

ಸಂಡೂರು ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ: ಕೀಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ಕೌಡಿ, ರೇಲೋ, ಗಾದ್ರಿ, ಭುರಿಯಾ, ಪೋಟೆ, ಜೋಲ್ಯಾ, ನಾಕ್ರಾ. ನಕಾಶೆ ಬರೆದುಕೊಂಡು ಹೊಲಿಯುವ ಪದ್ಧತಿ ಹಳಬರಲ್ಲಿ ಇರಲಿಲ್ಲ. ಅವ್ವ ಹೊಲಿಯುವಾಗ ಮಗಳು ಪಕ್ಕದಲ್ಲಿ ಕೂರುತ್ತಿದ್ದಳು, ಅಷ್ಟೇ ಪಾಠ.

ಕಾಯ್ದೆ ಹೋಯಿತು, ಕುಣಿತ ಬಂತು

1952ರ ಆಗಸ್ಟ್ 31ರಂದು ಸ್ವತಂತ್ರ ಭಾರತ ಅಪರಾಧಿ ಬುಡಕಟ್ಟು ಕಾಯ್ದೆಯನ್ನು ಕಿತ್ತೆಸೆಯಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಚುಕ್ಕಾಣಿ ಹಿಡಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. 1953ರಿಂದ ಗಣರಾಜ್ಯೋತ್ಸವಕ್ಕೆ ಜಾನಪದ ನೃತ್ಯೋತ್ಸವ ಸೇರಿಕೊಂಡಿತು.

ಹೊಸ ದೇಶಕ್ಕೆ ಒಂದು ಮುಖ ಬೇಕಿತ್ತು. ವಿವಿಧತೆಯಲ್ಲಿ ಏಕತೆ ಎಂದು ಹೇಳಿದರೆ ಸಾಲದು, ವಿವಿಧತೆ ಕಣ್ಣಿಗೆ ಕಾಣಬೇಕು. ಅದಕ್ಕೆ ಕನ್ನಡಿ ಬಟ್ಟೆಗಿಂತ ಒಳ್ಳೆಯ ಸಾಮಗ್ರಿ ಯಾವುದು? ಪಠ್ಯಪುಸ್ತಕದ ಚಿತ್ರ, ಎಂಪೋರಿಯಂನ ಬೊಂಬೆ, ಕ್ಯಾಲೆಂಡರು, ಸ್ತಬ್ಧಚಿತ್ರ, ಎಲ್ಲೆಡೆ ಲಂಬಾಣಿ ಹೆಣ್ಣು ಬಂದು ನಿಂತಳು. ಅನುಮಾನದ ಗುರುತು ಅಲಂಕಾರವಾಯಿತು.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಡಿಗೆ ತೋರಿಸಿದವರು ಚಪ್ಪಾಳೆ ತಟ್ಟಿದರು, ಅದೇನು ಸಣ್ಣ ಬದಲಾವಣೆಯಲ್ಲ. ಆದರೆ ಚಪ್ಪಾಳೆ ಬಿದ್ದದ್ದು ವೇಷಕ್ಕೆ. ವೇಷ ಅಂದಮೇಲೆ ಯಾರು ಬೇಕಾದರೂ ತೊಡಬಹುದು, ಯಾರು ಬೇಕಾದರೂ ಹೊಲಿಯಬಹುದು, ಬಾಡಿಗೆಗೂ ಬಿಡಬಹುದು.

ನಡುವೆ ನಕ್ಷೆಗಳು ಬದಲಾಗುತ್ತಲೇ ಇದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಬಂದವು. ಒಂದೇ ಹೊಲಿಗೆ, ಒಂದೇ ಮಾತು, ಮದುವೆ ಸಂಬಂಧವೂ ಇರುವ ತಾಂಡಾಗಳ ನಡುವೆ ಗೆರೆ ಬಿತ್ತು. ಇಂದು ರಾಯದುರ್ಗದ ಸುಗಾಲಿ ಪರಿಶಿಷ್ಟ ಪಂಗಡ, ಕೂಡ್ಲಿಗಿಯ ಲಂಬಾಣಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದ ಬಂಜಾರ ವಿಮುಕ್ತ ಜಾತಿ. ಅರ್ಜಿ ನಮೂನೆಯಲ್ಲಿ ಮೂರು ಜನ, ಫೇಟಿಯಾದ ಅಂಚಿನಲ್ಲಿ ಒಬ್ಬಳೇ.

■ ಬಾಕ್ಸ್: ಕಲ್ಲಿಗೂ ವಿಳಾಸ ಬದಲು

ಈ ತಾಲ್ಲೂಕುಗಳ ಹಳೆಯ ಅಲಂಕಾರ ಕಲ್ಲಿನದು. ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ 1068ರಲ್ಲಿ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ ಜಲಸಮಾಧಿಯಾದ. ಅಲ್ಲಿನ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡಿದವರು ಮರೆಯುವುದಿಲ್ಲ. ಬಾಗಳಿ, ಹಿರೇಹಡಗಲಿ, ಮಾಗಳ, ನೀಲಗುಂದ, ಅಂಬಳಿ ಗುಡಿಗಳ ಬಾಗಿಲುವಾಡಗಳಲ್ಲಿ ಬೆರಳು ತೂರದಷ್ಟು ಸೂಕ್ಷ್ಮ ಬಳ್ಳಿಗಳಿವೆ.

ಇವುಗಳನ್ನು ಅಳೆದು ಚಿತ್ರ ಬರೆಸಿದ ಅಲೆಕ್ಸಾಂಡರ್ ರೀ ಅವರ 1896ರ ಗ್ರಂಥದಲ್ಲಿ ಇವು ಮದ್ರಾಸ್ ಪ್ರಾಂತದ ಮಾದರಿಗಳು. 1953ರ ನಂತರ ಕನ್ನಡ ನಾಡಿನ ಹೆಮ್ಮೆ, 2021ರ ಅಕ್ಟೋಬರ್ 2ರಿಂದ ವಿಜಯನಗರ ಜಿಲ್ಲೆಯ ಆಸ್ತಿ. ಬಾಗಳಿಯಂತೂ ಹರಪನಹಳ್ಳಿಯ ಜೊತೆ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಆಮೇಲೆ ವಿಜಯನಗರಕ್ಕೆ ಸೇರಿತು. ಜಿಲ್ಲೆಯ ಹೆಸರು ಹಂಪಿಯ ಸಾಮ್ರಾಜ್ಯದ್ದು, ಈ ಗುಡಿಗಳು ಅದಕ್ಕಿಂತ ಹಿರಿಯವು.

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬುದು ಇಲ್ಲಿನ ಮಾತು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯ ಗುಡಿಯೊಳಗಿನ ಛತ್ತು ನೋಡಲು ಎಷ್ಟು ಪ್ರವಾಸಿ ಬಸ್ಸು ಬರುತ್ತವೆ ಎಂದು ಮಾತ್ರ ಕೇಳಬೇಡಿ.

ಸಂಡೂರಿನ ದಾರಿ, ಹಂಪಿಯ ದಾರಿ

ಕೂಡ್ಲಿಗಿಯ ಗುಡ್ಡ ದಾಟಿದರೆ ಸಂಡೂರು. 1980ರ ದಶಕದಲ್ಲಿ ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಶುರುವಾಯಿತು. ಗಣಿ ಸೀಮೆಯಲ್ಲಿ ಸೂಜಿ ಹಿಡಿದ ಹೆಂಗಸರಿಗೆ ಬಟ್ಟೆ, ದಾರ, ವಿನ್ಯಾಸ, ಮಾರುಕಟ್ಟೆ ಒದಗಿಸುವ ಕೆಲಸ. ಎದೆಯ ಮೇಲಿದ್ದ ಹೊಲಿಗೆ ಕುಶನ್ ಕವರಿಗೆ ಇಳಿಯಿತು, ಸೀರೆಯ ಅಂಚಿಗೆ, ಕುರ್ತಾದ ಕೊರಳಿಗೆ, ಲ್ಯಾಪ್‌ಟಾಪ್ ಚೀಲಕ್ಕೆ ಹೋಯಿತು. ಕಣ್ಣು ಕೋರೈಸುವ ಕೆಂಪು-ಹಳದಿಯ ಪಕ್ಕ ನಗರದವರಿಗೆ ಒಗ್ಗುವ ತಣ್ಣನೆಯ ಬಣ್ಣಗಳು ಕೂತವು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. (ನಮ್ಮ ಹಡಗಲಿ ಮಲ್ಲಿಗೆಗೂ ಜಿಐ ಇದೆ. ಹೂವಿಗೆ ಊರಿನ ಹೆಸರು ಸಿಕ್ಕಿತು, ಬಟ್ಟೆಗೂ ಸಿಕ್ಕಿತು.)

ಸಂಡೂರಿನ ದಾರಿಯ ಪಕ್ಕದಲ್ಲೇ ಇನ್ನೊಂದು ದಾರಿ ಇತ್ತು, ಅದಕ್ಕೆ ಸಂಸ್ಥೆಯಿಲ್ಲ, ಮಾನ್ಯತೆಯಿಲ್ಲ. ಹಂಪಿಗೆ ಬಂದ ವಿದೇಶಿಯರು ಹಳೆಯ ಫೇಟಿಯಾ ಕಂಡು ಮರುಳಾದರು. ತಾಂಡಾಗಳಿಂದ ಹಳೆಯ ಬಟ್ಟೆ ಕೊಳ್ಳುವವರು ಹುಟ್ಟಿಕೊಂಡರು. ಅಜ್ಜಿಯ ಮದುವೆಯ ಲಂಗ ಕತ್ತರಿಗೆ ಸಿಕ್ಕು ಹತ್ತು ಹೆಗಲುಚೀಲವಾಯಿತು. ಅವು ಹಂಪಿ ಬಜಾರಿನಿಂದ ಗೋವಾದ ಸಂತೆಗಳವರೆಗೆ ಹೋದವು, ಮಾರಲು ಲಂಬಾಣಿ ಹೆಂಗಸರೂ ಹೋದರು. 2011ರ ಜುಲೈನಲ್ಲಿ ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ಹಂಪಿ ಬಜಾರಿನ ಮಳಿಗೆಗಳನ್ನು ಕೆಡವಿದಾಗ ಆ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಪರಂಪರೆ ಉಳಿಸಲು ಪರಂಪರೆ ಮಾರುವವರನ್ನು ಎಬ್ಬಿಸಿದರು!

ಹೀಗೆ ಕತ್ತರಿಸಿ ಹೋದದ್ದರ ಲೆಕ್ಕ ಯಾರೂ ಇಟ್ಟಿಲ್ಲ. ಮ್ಯೂಸಿಯಂ ಸೇರಬೇಕಾಗಿದ್ದ ಎಷ್ಟೋ ಬಟ್ಟೆಗಳು ಜಿಪ್ ಹಚ್ಚಿಸಿಕೊಂಡು ವಿಮಾನ ಹತ್ತಿವೆ. ಈ ವಿಷಯದಲ್ಲಿ ತಾಂಡಾದವರನ್ನು ದೂರುವುದು ತಪ್ಪು. ಹಸಿದವರ ಮುಂದೆ ಪರಂಪರೆಯ ಭಾಷಣಕ್ಕೆ ಬೆಲೆಯಿಲ್ಲ.

ಎದುರು ಬಸವಣ್ಣನ ಮುಂದೆ

2023ರ ಜುಲೈ. ಜಿ20 ದೇಶಗಳ ಸಂಸ್ಕೃತಿ ಕಾರ್ಯಪಡೆಯ ಮೂರನೇ ಸಭೆ ಹಂಪಿಯಲ್ಲಿ. ಬಜಾರಿನ ತುದಿಯ ಎದುರು ಬಸವಣ್ಣನ ಮಂಟಪದ ಆವರಣದಲ್ಲಿ ಕಸೂತಿಯ ತುಣುಕುಗಳು ಬಂದು ಕೂತವು. ಜುಲೈ 10ರಂದು ಗಿನ್ನೆಸ್ ದಾಖಲೆ ಘೋಷಣೆಯಾಯಿತು: 1,755 ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನ. ಸಂಡೂರು ಕೇಂದ್ರದ ನಂಟಿನ 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸ ಅದು.

ಈ ಸಲ ದೇಶ ಹುಡುಕಿದ ಅರ್ಥವೇ ಬೇರೆ. ಐವತ್ತರ ದಶಕದಲ್ಲಿ ಬೇಕಾಗಿದ್ದದ್ದು ವಿವಿಧತೆ, ಈಗ ಪರಿಸರಸ್ನೇಹಿ ಬದುಕು. ಚಿಂದಿಯನ್ನು ಎಸೆಯದೆ ಚಿಂದಿಗೆ ಚಿಂದಿ ಕೂಡಿಸುವ ತಾಂಡಾದ ರೂಢಿ ಜಗತ್ತಿಗೆ ಭಾರತ ಕೊಡುವ ಪಾಠ ಎಂದು ಬಣ್ಣಿಸಲಾಯಿತು. ಬಡತನದ ಜಾಣ್ಮೆಗೆ ಸುಸ್ಥಿರತೆ ಎಂಬ ಅಂತರರಾಷ್ಟ್ರೀಯ ಹೆಸರು ಬಂತು. ಸುಳ್ಳೇನಲ್ಲ ಬಿಡಿ. ಆದರೆ ಆ ಜಾಣ್ಮೆ ಕಲಿಸಿದ ಬಡತನದ ಮಾತು ಪ್ರದರ್ಶನದ ಫಲಕಕ್ಕೆ ಹೊಂದುವುದಿಲ್ಲ.

ಅದೇ ವರ್ಷದ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ಕೆ ಚಾಲನೆ ಕೊಟ್ಟಿದ್ದರು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯಡಿಯ ನೆಲದ ಕಾಗದ. ಸ್ವಾತಂತ್ರ್ಯ ಬಂದು 75 ವರ್ಷ ಕಳೆದ ಮೇಲೆ! ಕಸೂತಿಗೆ ವಿಶ್ವದಾಖಲೆ ಸಿಕ್ಕ ವರ್ಷವೇ ಅದನ್ನು ಹೊಲಿದವರ ಬಂಧುಗಳಿಗೆ ಮನೆ ವಿಳಾಸವೂ ಸಿಕ್ಕಿತು. ಎರಡರಲ್ಲಿ ಯಾವುದು ಮೊದಲು ಆಗಬೇಕಿತ್ತು ಎಂದು ಯಾರಾದರೂ ಹೇಳಬಲ್ಲರು.

■ ಬಾಕ್ಸ್: ದಂತದಿಂದ ಪ್ಲಾಸ್ಟಿಕ್ಕಿಗೆ

ಮದುವೆಯಾದ ಲಂಬಾಣಿ ಹೆಣ್ಣಿನ ತೋಳು ತುಂಬ ಬಿಳಿಯ ಬಲಿಯಾ ಬಳೆ. ಉಳ್ಳವರಿಗೆ ಆನೆದಂತದ್ದು, ಇಲ್ಲದವರಿಗೆ ಮೂಳೆಯದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರಕ್ಕೆ ತಡೆ ಹಾಕಿತು. ಇಂದು ತೋಳಿನಲ್ಲಿರುವುದು ಬಹುತೇಕ ಪ್ಲಾಸ್ಟಿಕ್. ಆಕಾರ ಅದೇ, ಬಣ್ಣ ಅದೇ, ದೆಹಲಿಯ ಕಾಯ್ದೆಯೊಂದು ತೋಳಿನವರೆಗೆ ಬಂದ ಗುರುತು ಮಾತ್ರ ಹೊಸತು.

ಉಟ್ಟವಳು ಎಲ್ಲಿ?

ತಾಂಡಾಕ್ಕೆ ಹೋದರೆ ಉತ್ತರ ಕಣ್ಣೆದುರೇ ಇದೆ. ನಡುವಯಸ್ಸಿನವರು ಸೀರೆ ಉಟ್ಟಿದ್ದಾರೆ, ಮನೆಯಲ್ಲಿ ನೈಟಿ. ಹುಡುಗಿಯರು ಚೂಡಿದಾರ, ಜೀನ್ಸ್. ಫೇಟಿಯಾ, ಕಾಂಚಳಿ, ತಲೆಹೊದಿಕೆ ಟುಕ್ರಿ ದಿನವೂ ಉಡುವವರು ಮುದುಕಿಯರು ಮಾತ್ರ. ಹುಡುಗಿಯರು ಅದನ್ನು ತೊಡುವುದು ದೀಪಾವಳಿಯ ಮೇರಾದಲ್ಲಿ, ತೀಜ್ ಹಬ್ಬದಲ್ಲಿ, ಫೆಬ್ರುವರಿ 15ರ ಸೇವಾಲಾಲ್ ಜಯಂತಿಯ ಮೆರವಣಿಗೆಯಲ್ಲಿ. ಆ ದಿನಗಳಲ್ಲೂ ಹೆಚ್ಚಿನವು ಸಿದ್ಧ ಉಡುಪು.

ಯಾಕೆ ಬಿಟ್ಟರು? ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಆ ಉಡುಪು ಕಂಡ ಕೂಡಲೇ ಮಾತಿನ ಧಾಟಿ ಬದಲಾಗುತ್ತಿತ್ತು. ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿದ ಅದೇ ಸಮಾಜ ಬಸ್ ನಿಲ್ದಾಣದಲ್ಲಿ ಮೂಗು ಮುರಿಯಿತು. ಅದರ ಮೇಲೆ ದುಡಿಮೆ ಬೇರೆ ಥರ ಆಯಿತು. ಈ ಸೀಮೆಯ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಕಬ್ಬಿನ ರವದಿಯಲ್ಲಿ ಕನ್ನಡಿ ಲಂಗ ತೊಟ್ಟು ಕೆಲಸ ಸಾಗದು. ತಿಂಗಳುಗಟ್ಟಲೆ ಕೂತು ಹೊಲಿಯುವಷ್ಟು ಬಿಡುವೂ ಇಲ್ಲ.

ಹಳೆಯ ಉಡುಪನ್ನೇ ಉಡಿ ಎಂದು ಅವರಿಗೆ ಹೇಳುವ ಅಧಿಕಾರ ನಮಗಿಲ್ಲ. ಪಂಚೆ, ರುಮಾಲು ಬಿಟ್ಟು ಪ್ಯಾಂಟಿಗೆ ಬಂದವರು ನಾವೂ. ಹೆಂಗಸೊಬ್ಬಳು ಹಗುರಾದ ಸೀರೆ ಆರಿಸಿಕೊಂಡರೆ ಅದು ಅವಳ ಸ್ವಾತಂತ್ರ್ಯ, ಸಂಸ್ಕೃತಿಯ ನಾಶ ಎಂದು ಎದೆ ಬಡಿದುಕೊಳ್ಳಬೇಕಿಲ್ಲ.

ನನ್ನ ತಕರಾರು ಬೇರೆ. ಉಡುಪು ಅವಳ ಮೈಯಿಂದ ಇಳಿಯಿತು, ದೇಶದ ಮೈಮೇಲೆ ಏರಿತು. ಆ ಕೈ ಬದಲಾವಣೆಯಲ್ಲಿ ದುಡ್ಡು ಮತ್ತು ಹೆಸರು ಎರಡೂ ಅರ್ಧ ದಾರಿಯಲ್ಲೇ ಉಳಿದವು. ಜಿಐ ಮಾನ್ಯತೆ ವಸ್ತುವಿನ ಹೆಸರು ಕಾಯುತ್ತದೆ, ಹೊಲಿದವಳ ಕೂಲಿ ಎಷ್ಟಿರಬೇಕೆಂದು ಅದು ಹೇಳುವುದಿಲ್ಲ. ಸಂಡೂರಿನಲ್ಲಿ ಒಂದು ಕೇಂದ್ರ ನಾಲ್ಕು ದಶಕದಿಂದ ನಿಂತಿದೆ. ಈ ಐದು ತಾಲ್ಲೂಕುಗಳ ತಾಂಡಾಗಳಲ್ಲಿ ಅದೇ ಹೊಲಿಗೆ ಬಲ್ಲ ಕೈಗಳು ಮುದಿಯಾಗುತ್ತಿವೆ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಹೊಸ ಜಿಲ್ಲೆ ಹುಟ್ಟಿದ ಮೇಲೆ ಸರ್ಕಾರಿ ಸಮಾರಂಭಗಳಿಗೆ ಕೊರತೆಯಿಲ್ಲ. ಅತಿಥಿಗಳಿಗೆ ಹೊದಿಸುವ ಶಾಲು, ಕೊಡುವ ಕಲ್ಲಿನ ರಥದ ರಾಳದ ಪ್ರತಿಕೃತಿ, ಇವುಗಳ ಬದಲು ಅಂಗೈಯಗಲದ ಕಸೂತಿ ಕೊಡಲಿ. ಅದರ ಹಿಂಬದಿಯಲ್ಲಿ ಹೊಲಿದವಳ ಹೆಸರು, ಅವಳ ತಾಂಡಾ, ಅವಳಿಗೆ ಸಂದ ಕೂಲಿ, ಮೂರೂ ಬರೆದಿರಲಿ. ತಾಂಡಾ ಅಭಿವೃದ್ಧಿ ನಿಗಮ ಇರುವುದು ಇಂಥದಕ್ಕೇ.

ಓದುಗರಾದ ನಿಮಗೂ ಒಂದು ಮಾತು. ಹಂಪಿಯಲ್ಲೋ ಬೆಂಗಳೂರಿನ ಮೇಳದಲ್ಲೋ ಲಂಬಾಣಿ ಚೀಲ ಕೈಗೆತ್ತಿಕೊಂಡಾಗ ಬೆಲೆ ಕೇಳುವ ಮುಂಚೆ ಇದನ್ನು ಹೊಲಿದ ತಾಂಡಾ ಯಾವುದು ಎಂದು ಕೇಳಿ. ಉತ್ತರ ಬಂದರೆ ಚೌಕಾಸಿ ಮಾಡದೆ ಕೊಳ್ಳಿ, ಬರದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.